ಹನ್ನೊಂದು ಕಾಗದ, ಒಂದು ವ್ಯಾಗನ್

ಇನ್ನೂರ ನಲವತ್ತು ಚೀಲ ಹುಣಸೆಹಣ್ಣು, ಒಂದು ರೈಲ್ವೆ ವ್ಯಾಗನ್, ಪೂನಾದ ಒಬ್ಬ ವ್ಯಾಪಾರಿ, ಎಂಟು ದಿನದ ಗಡುವು. ವ್ಯವಹಾರ ಅಂದರೆ ಇಷ್ಟೇ. ಇದರಲ್ಲಿ ನಗುವಂಥದ್ದೇನೂ ಇರಲಿಲ್ಲ. ಆದರೆ ತುಮಕೂರಿನ ಮಂಡಿಪೇಟೆಯಲ್ಲಿ ನಾನು ಅಂಗಡಿ ನಡೆಸಿದಷ್ಟು ಕಾಲವೂ, ಒಂದು ಇಂಗ್ಲಿಷ್ ಕಾಗದ ಹೊಸಿಲು ದಾಟಿತು ಅಂದರೆ ಅದರ ಬೆನ್ನಿಗೇ ಒಂದು ಫಜೀತಿಯೂ ಒಳಗೆ ಬಂದು ಕೂರುತ್ತಿತ್ತು.

ಆಗ ಐವತ್ತರ ದಶಕ ಮುಗಿಯುತ್ತಾ ಬಂದಿತ್ತು. ರೈಲ್ವೆಯವರು, ಹೊರಗಿನ ವ್ಯಾಪಾರಿಗಳು ಎಲ್ಲರೂ ಬರೆಯುತ್ತಿದ್ದದ್ದು ಇಂಗ್ಲಿಷಿನಲ್ಲಿ. ನನಗೆ ಚೀಲದ ಮೇಲೆ ಮಸಿಯಲ್ಲಿ ಸರಕು ಹೋಗುವ ಊರಿನ ಹೆಸರು ಬರೆಯುವಷ್ಟು ಅಕ್ಷರ ಬರುತ್ತಿತ್ತು, ಅಷ್ಟೇ. ಬಂದ ಕಾಗದ ಓದಿ ಹೇಳೋದಕ್ಕೂ ಉತ್ತರ ಬರೆಯೋದಕ್ಕೂ ನಮ್ಮ ಬೀದಿಗೆಲ್ಲ ಒಬ್ಬರೇ ಇದ್ದರು, ರಿಟೈರಾದ ಇಂಗ್ಲಿಷ್ ಮೇಷ್ಟ್ರು.

೧. ಮೊದಲು ಕಟ್ಟಡ ನೋಡಿ

ಪೂನಾದ ಕಾಗದ ಬಂದದ್ದು ಸೋಮವಾರ. ಮೇಷ್ಟ್ರು ಕನ್ನಡಕ ಒರೆಸಿಕೊಂಡು ಓದಿದರು. "ಇನ್ ದಿ ಇವೆಂಟ್ ಆಫ್..." ಅಂದವರೇ ಕಣ್ಣು ಮುಚ್ಚಿಕೊಂಡರು.

"ಏನ್ ಮೇಷ್ಟ್ರೇ, ಯಾರಾದ್ರೂ ಹೋಗ್ಬಿಟ್ರಾ?"

"ಇಲ್ಲ ಶೆಟ್ರೇ. ಎಂಥ ವಾಕ್ಯ ಅಂತೀರಿ."

"ಅರ್ಥ ಏನು?"

"ಅರ್ಥ ಆಮೇಲೆ. ಮೊದಲು ಕಟ್ಟಡ ನೋಡಿ. ಈ ಕಡೆ ಒಂದು ಚಿಕ್ಕ ಪದ, ಆ ಕಡೆ ಒಂದು ಚಿಕ್ಕ ಪದ, ಮಧ್ಯೆ ಒಂದು ದೊಡ್ಡ ಪದ. ಇನ್ ವ್ಯೂ ಆಫ್, ಇನ್ ಸ್ಪೈಟ್ ಆಫ್, ವಿತ್ ರೆಫರೆನ್ಸ್ ಟು. ದೊಡ್ಡವರ ಇಂಗ್ಲಿಷು ನಿಂತಿರೋದೇ ಇದರ ಮೇಲೆ."

ಚೀಲದ ಎರಡು ತುದಿಗೂ ಹೊಲಿಗೆ, ನಡುವೆ ಸರಕು. ನನಗೆ ಅಷ್ಟು ತಿಳಿಯಿತು. ಅರ್ಥ ಬಂದದ್ದು ಕಾಫಿ ಕುಡಿದ ಮೇಲೆ: ಮುಂದಿನ ಮಂಗಳವಾರ ಸಂಜೆಯೊಳಗೆ ಸರಕು ವ್ಯಾಗನ್ ಹತ್ತದಿದ್ದರೆ ಆರ್ಡರು ರದ್ದು, ಬೇರೆಯವರಿಗೆ ಹೋಗುತ್ತೆ.

ಸರಕು ಆಗ ನನ್ನ ಕೈಯಲ್ಲೇ ಇರಲಿಲ್ಲ. ಯಾಕೆಂದರೆ ಕುಣಿಗಲ್‌ನಲ್ಲಿದ್ದ ನನ್ನ ಭಾವಮೈದ ಯಾರನ್ನೂ ಕೇಳದೆ ಅಷ್ಟೂ ಚೀಲಗಳನ್ನು ಲಾರಿಗೆ ಹೇರಿ, ಗುಬ್ಬಿಯಿಂದಾಚೆ ಒಂದು ಚಿಕ್ಕ ಸ್ಟೇಷನ್ನಿನ ಬಯಲು ಪ್ಲಾಟ್‌ಫಾರಮ್ಮಿನಲ್ಲಿ ಇಳಿಸಿ ಆಗಿತ್ತು. ತುಮಕೂರಿನಲ್ಲಿ ವ್ಯಾಗನ್ನಿಗೆ ಸರದಿ ಉದ್ದ, ಅಲ್ಲಿ ಬೇಗ ಸಿಗುತ್ತೆ ಅನ್ನೋದು ಅವನ ಲೆಕ್ಕ. ಮುಂಗಾರಿಗೆ ಮುಂಚಿನ ಮಳೆ ಯಾವ ಗಳಿಗೆಯಲ್ಲಾದರೂ ಬೀಳಬಹುದಾಗಿತ್ತು. ಮಳೆಯಲ್ಲಿ ನೆನೆದ ಹುಣಸೆಹಣ್ಣನ್ನು ದನವೂ ಮೂಸಲ್ಲ.

೨. ನೀವು ಯಾರು

ಆ ಸ್ಟೇಷನ್ ಮಾಸ್ತರರ ಬಳಿಗೆ ಹೋಗಿ ಬಾಯಲ್ಲೇ ವ್ಯಾಗನ್ ಕೇಳಿದೆ. "ಬರಹದಲ್ಲಿ ಕೊಡಿ, ಇಂಗ್ಲಿಷಲ್ಲಿ" ಅಂದರು. ವಾಪಸ್ಸು ಬಂದು ಮೇಷ್ಟ್ರಿಗೆ ಹೇಳಿದೆ. ಅವರು ಪೆನ್ನಿನ ಮುಚ್ಚಳ ತೆಗೆದು, ಮತ್ತೆ ಹಾಕಿಬಿಟ್ಟರು.

"ಆಗಲ್ಲ ಶೆಟ್ರೇ."

"ಯಾಕೆ?"

"ಉಲ್ಲೇಖ ಎಲ್ಲಿ? ವಿತ್ ರೆಫರೆನ್ಸ್ ಟು ಅಂತ ಶುರು ಮಾಡ್ಬೇಕು. ಅವರು ನಮಗೆ ಒಂದು ಕಾಗದಾನೂ ಬರೆದಿಲ್ಲ. ಯಾವುದನ್ನ ಹಿಡ್ಕೊಂಡು ಬರೀಲಿ? ದಾರೀಲಿ ಹೋಗೋರ ಅಂಗಿ ಹಿಡಿದು ನಿಲ್ಲಿಸಿದ ಹಾಗಾಗುತ್ತೆ."

"ಹಾಗೇ ಬರೀರಿ ಮೇಷ್ಟ್ರೇ, ಚೀಲ ಬಯಲಲ್ಲಿದೆ."

"ಮೂವತ್ತೆರಡು ವರ್ಷ ಪಾಠ ಹೇಳಿದ್ದೀನಿ. ಆಧಾರ ಇಲ್ಲದ ಕಾಗದ ನನ್ನ ಕೈಯಿಂದ ಹೊರಟಿಲ್ಲ."

ಇನ್ನೊಬ್ಬರಾಗಿದ್ದರೆ ಬೈದು ಎದ್ದು ಬರುತ್ತಿದ್ದರು. ನಾನು ವ್ಯಾಪಾರಿ. ಬಾಗಿಲು ಮುಚ್ಚಿದ್ದರೆ ಕಿಟಕಿ ಎಲ್ಲಿದೆ ಅಂತ ನೋಡುತ್ತೇನೆ. ಮಾರನೆಯ ದಿನ ಮೊದಲ ಬಸ್ಸಿಗೆ ಹೋಗಿ ಸ್ಟೇಷನ್ ಮಾಸ್ತರರಿಗೆ ಕೈಮುಗಿದೆ. "ಸ್ವಾಮಿ, ನನಗೊಂದು ಕಾಗದ ಬರೀರಿ."

"ಏನಂತ?"

"ಏನಾದ್ರೂ ಸರಿ. ನಂಬರು, ತಾರೀಕು ಇರಬೇಕು."

ಅವರು ನನ್ನನ್ನು ಕೆಳಗಿನಿಂದ ಮೇಲಕ್ಕೆ ನೋಡಿ, ನಂಬರು ಹಾಕಿ ಒಂದೇ ಸಾಲು ಬರೆದುಕೊಟ್ಟರು: ನೀವು ಯಾರು?

ಮೇಷ್ಟ್ರ ಮುಖ ಅರಳಿತು. ಅರ್ಧ ದಿನ ಕೂತು ಒಂದು ಪುಟ ಉತ್ತರ ಬರೆದರು. ಅದರ ಸಾರಾಂಶ ಇಷ್ಟು: ತಾವು ಇಂಥ ತಾರೀಕು ಇಂಥ ನಂಬರಿನಲ್ಲಿ ಕೃಪೆಯಿಟ್ಟು ಕೇಳಿದ್ದನ್ನು ಉಲ್ಲೇಖಿಸಿ, ನಾನು ಶೆಟ್ಟಿ.

ಅಷ್ಟು ತಿಳಿಸೋದಕ್ಕೆ ಬುಧವಾರ ಮುಗಿಯಿತು.

೩. ಮಜ್ಜಿಗೆ ಕೊನೆಗೆ

ನಾನು ತಿಳಿದದ್ದು ರೋಗ ನಮ್ಮ ಮೇಷ್ಟ್ರಿಗೊಬ್ಬರಿಗೇ ಅಂತ. ಸ್ಟೇಷನ್ ಮಾಸ್ತರರು ಆ ಕಾಗದವನ್ನು ಎರಡು ಸಲ ಓದಿದರು. ಸಿಗ್ನಲ್ ಕೊಡೋದನ್ನೂ ಒಂದು ನಿಮಿಷ ತಡ ಮಾಡಿದರು.

"ಇದನ್ನ ಬರೆದೋರು ಯಾರ್ರೀ?"

"ನಮ್ಮ ಬೀದಿ ಮೇಷ್ಟ್ರು. ತಪ್ಪಾಗಿದೆಯಾ ಸ್ವಾಮಿ?"

"ತಪ್ಪಾ? ಇನ್ ಪರ್ಸುಯೆನ್ಸ್ ಆಫ್ ಅಂತ ಬರೆದಿದ್ದಾರೆ. ಈ ಲೈನಿನಲ್ಲಿ ಇಂಥಾದ್ದು ನೋಡಿ ಎಷ್ಟು ವರ್ಷ ಆಯ್ತೋ."

"ಸ್ವಾಮಿ, ವ್ಯಾಗನ್ನು?"

"ಬರುತ್ತೆ. ಮೊದಲು ಇದಕ್ಕೆ ಸರಿಯಾದ ಉತ್ತರ ಬರೀಬೇಕು."

ಅವರು ಬರೆದರು. ಇವರು ಅದಕ್ಕೆ ಉತ್ತರ ಬರೆದರು. ಅವರು ಇನ್ ಕಂಟಿನ್ಯುಯೇಷನ್ ಆಫ್ ಅಂದರು, ಇವರು ಇನ್ ದಿ ಲೈಟ್ ಆಫ್ ಅಂದರು. ಟಪಾಲಿಗೆ ಹಾಕಿದರೆ ತಡ ಅಂತ ಎರಡು ಕಡೆಗೂ ಹೊತ್ತವನು ನಾನು. ಶುಕ್ರವಾರದ ಹೊತ್ತಿಗೆ ಗುಬ್ಬಿ ಬಸ್ಸಿನ ಕಂಡಕ್ಟರು, "ಏನ್ ಶೆಟ್ರೇ, ಎರಡನೇ ಸಂಸಾರಾನಾ?" ಅಂತ ಕೇಳಿದ.

ಅಲ್ಲಿ ಚೀಲಗಳ ಮೇಲೆ ಟಾರ್ಪಾಲು, ಟಾರ್ಪಾಲಿನ ಮೇಲೆ ಭಾವಮೈದ. ಅವನಿಗೆ ಓದು ಬರಹ ಎರಡೂ ದೂರ.

"ಭಾವ, ಮೋಡ ಹೆಂಗ್ ಕಟ್ತೈತೆ ನೋಡಿ."

"ನೋಡಿದೆ ಕಣೋ."

"ಟಾರ್ಪಾಲು ನಾಲ್ಕು ಕಡೆ ಹರ್ದೈತೆ. ನಾಲ್ಕರ ಮೇಲೂ ನಾನೊಬ್ನೇ ಕೂರಕ್ಕಾಯ್ತದಾ?"

ಶನಿವಾರ ಮೇಷ್ಟ್ರ ಮುಂದೆ ನಿಂತು ಗಟ್ಟಿಯಾಗಿಯೇ ಕೇಳಿದೆ. "ಮೇಷ್ಟ್ರೇ, ವ್ಯಾಗನ್ ಬೇಕು ಅಂತ ಒತ್ತಿ ಬರೆದಿದ್ದೀರಾ?"

ಅವರು ಬೇಸರದಿಂದ ನೋಡಿದರು. "ಎಲೆ ಹಾಕಿದ ತಕ್ಷಣ ಮಜ್ಜಿಗೆ ಕೇಳ್ತಾರಾ ಶೆಟ್ರೇ?"

೪. ಯಾವ ಫೈಲಿಗೆ ಹಾಕಲಿ

ಮಂಗಳವಾರ ಮಧ್ಯಾಹ್ನ ವ್ಯಾಗನ್ ಬಂತು. ಒಂದೇ ಒಂದು. ಅರಸೀಕೆರೆ ಕಡೆಗೆ ಹೋಗುವ ಗೂಡ್ಸ್ ಗಾಡಿ ಅದನ್ನು ಸಂಜೆ ಐದಕ್ಕೆ ಎಳೆದುಕೊಂಡು ಹೋಗಬೇಕು. ತುಂಬೋದಕ್ಕೆ ಹಮಾಲರಿಗೆ ಎರಡು ಗಂಟೆಯಾದರೂ ಬೇಕು. ಆಗಲೇ ಎರಡೂವರೆ. ಪಡುವಣದಲ್ಲಿ ಗುಡುಗು. ಸಾಲದ್ದಕ್ಕೆ ಗುಬ್ಬಿಯ ಹಿಂಡಿ ವ್ಯಾಪಾರಿಯೊಬ್ಬರು ಕಡಲೆಕಾಯಿ ಹಿಂಡಿಯ ಚೀಲಗಳನ್ನು ಗಾಡಿಯಲ್ಲಿ ತಂದು ನಿಲ್ಲಿಸಿಕೊಂಡು ಬಾಗಿಲಲ್ಲೇ ಕಾಯುತ್ತಿದ್ದರು.

ಸ್ಟೇಷನ್ ಮಾಸ್ತರರು ನನ್ನ ಫೈಲು ತೆಗೆದರು. ಪಂಚಾಂಗದಷ್ಟು ದಪ್ಪ ಆಗಿತ್ತು. ಒಂದೊಂದೇ ಕಾಗದ ತಿರುವಿದರು. ಕೊನೆಯದನ್ನೂ ತಿರುವಿ ಮತ್ತೆ ಮೊದಲಿಂದ ತಿರುವಿದರು.

"ಶೆಟ್ರೇ, ಇದರಲ್ಲಿ ಹನ್ನೊಂದು ಕಾಗದ ಇದೆ."

"ಹೌದು ಸ್ವಾಮಿ."

"ಒಂದರಲ್ಲೂ ವ್ಯಾಗನ್ ಬೇಕು ಅಂತ ಬರೆದಿಲ್ಲ."

ವಾರವೆಲ್ಲ ಬಸ್ಸಿನಲ್ಲಿ ಎದೆಗವಚಿಕೊಂಡು ತಿರುಗಿದ್ದು ಬರೀ ಹೊಲಿಗೆ. ಒಳಗೆ ಸರಕೇ ಇರಲಿಲ್ಲ.

ಹಿಂಡಿಯವರು ಮುಂದೆ ಬಂದರು. "ನಂದರಲ್ಲಿ ಬರ್ದಿದೀನಿ ಸ್ವಾಮಿ. ಹದಿನೆಂಟು ದಿನದ ಹಿಂದೆ, ಒಂದು ಕಾರ್ಡು."

ಸ್ಟೇಷನ್ ಮಾಸ್ತರರು ಮಸಿಬಾಟಲಿಯ ಕೆಳಗಿಂದ ಆ ಕಾರ್ಡು ಎಳೆದರು. ದಯವಿಟ್ಟು ಒಂದು ವ್ಯಾಗನ್ ಕೊಡಿ ಅಂತ ಒಂದೇ ಸಾಲು. "ಬರ್ದಿದೀರಿ. ಆದ್ರೆ ಯಾವ ಉಲ್ಲೇಖಾನೂ ಇಲ್ಲ. ಯಾವ ಫೈಲಿಗೆ ಹಾಕಲಿ? ಅದಕ್ಕೇ ಅವತ್ತಿಂದ ಹೀಗೇ ಇದೆ, ರಿಜಿಸ್ಟರಿಗೇ ಹತ್ತಿಲ್ಲ."

ಅವರದು ಬೇಡಿಕೆ ಉಂಟು, ಫೈಲಿಲ್ಲ. ನನ್ನದು ಫೈಲುಂಟು, ಬೇಡಿಕೆ ಇಲ್ಲ. ಸ್ಟೇಷನ್ ಮಾಸ್ತರರು ತಲೆ ಕೆರೆದುಕೊಂಡು, "ಇಬ್ಬರಿಗೂ ಕೊಡೋ ಹಾಗಿಲ್ಲ. ಖಾಲಿ ಕಳಿಸ್ಬೇಕಾಗುತ್ತೆ" ಅಂದರು. ಸತ್ಯವಾಗಿಯೂ ಕಳಿಸುವವರೇ. ಹಾಗೆ ಖಾಲಿ ಹೋದ ವ್ಯಾಗನ್ನುಗಳನ್ನು ನಾನು ನೋಡಿದ್ದೇನೆ.

ಹಿಂಡಿಯವರು ಎರಡನೇ ಕಾರ್ಡು ತರೋದಕ್ಕೆ ಓಡಿದರು. ಪಾಪ ಅನ್ನಿಸಿತು. ಆದರೆ ಮೋಡ ಇದ್ದದ್ದು ನನ್ನ ಚೀಲಗಳ ಮೇಲೆ. ಒಂದು ಬಿಳಿ ಹಾಳೆ ಎಳೆದುಕೊಂಡು, ಸ್ಟೇಷನ್ ಮಾಸ್ತರರದೇ ಪೆನ್ನು ಇಸಿದುಕೊಂಡೆ. ಮೇಷ್ಟ್ರ ಕೊನೆಯ ಕಾಗದ ಎದುರಿಗಿಟ್ಟುಕೊಂಡು, ಮೊದಲ ಮೂರು ಪದ ಇದ್ದ ಹಾಗೇ ನಕಲು ಮಾಡಿದೆ: ವಿತ್ ರೆಫರೆನ್ಸ್ ಟು. ಮುಂದೆ ಫೈಲಿನ ನಂಬರು. ಅದರ ಮುಂದೆ ಚೀಲದ ಮೇಲೆ ಬರೆಯುವ ದಪ್ಪ ಅಕ್ಷರದಲ್ಲಿ: ಒನ್ ವ್ಯಾಗನ್ ಪೂನಾ. ಮೇಲಿನ ತಗಡಿನ ಮೇಲೆ ಮೊದಲ ಹನಿ ಟಪ್ಪೆಂದಿತು.

ಅವರು ಹಾಳೆಯನ್ನು ಹತ್ತಿರ ಹಿಡಿದು ನೋಡಿದರು, ದೂರ ಹಿಡಿದು ನೋಡಿದರು. "ಇದರಲ್ಲಿ ಕ್ರಿಯಾಪದಾನೇ ಇಲ್ಲವಲ್ರೀ."

ಬಾಗಿಲಲ್ಲಿ ನಿಂತಿದ್ದ ಭಾವಮೈದ, "ಅದೊಂದು ಇಲ್ದಿದ್ರೆ ಓಗ್ಲಿ ಬುಡಿ ಸ್ವಾಮಿ, ವ್ಯಾಗನ್ ಐತಲ್ಲ" ಅಂದ.

ಸ್ಟೇಷನ್ ಮಾಸ್ತರರು ಮೊದಲ ಮೂರು ಪದದ ಮೇಲೆ ಬೆರಳಿಟ್ಟು, "ಉಲ್ಲೇಖ ಇದೆ. ಸಾಕು" ಅಂತ ಮೊಹರು ಒತ್ತಿದರು.

ಐದಕ್ಕೆ ಐದು ನಿಮಿಷ ಇರುವಾಗ ಬಾಗಿಲು ಹಾಕಿ ಸೀಲ್ ಮಾಡಿದರು. ಆಮೇಲೆ ಬಿತ್ತು ನೋಡಿ ಮಳೆ. ಹಿಂಡಿಯವರು ತಮ್ಮ ಚೀಲಗಳನ್ನು ಹೇಗೋ ಗೂಡ್ಸ್ ಷೆಡ್ಡಿನ ಮಾಡಿನ ಕೆಳಗೆ ಸೇರಿಸಿ, ತಲೆ ಮೇಲೆ ಗೋಣಿ ಹೊದ್ದುಕೊಂಡು ನನ್ನ ಹತ್ತಿರ ಬಂದರು. "ಶೆಟ್ರೇ, ಮುಂದಿನ ವ್ಯಾಗನ್ನಾದ್ರೂ ನನಗೆ ಸಿಗಬೇಕಾದ್ರೆ ಏನ್ ಮಾಡ್ಬೇಕು?"

"ಮೊದಲು ಒಳಗೆ ಹೋಗಿ, ನೀವು ಯಾರು ಅಂತ ಅವರ ಕೈಲಿ ಬರೆಸ್ಕೊಳ್ಳಿ" ಅಂದೆ.

ಒಟ್ಟು ಲೆಕ್ಕ ಇಷ್ಟು: ಪೂನಾ ಸೇರಿದ್ದು ಇನ್ನೂರ ಮೂವತ್ತೇಳು ಚೀಲ. ಟಾರ್ಪಾಲಿನ ತೂತಿನ ಕೆಳಗಿದ್ದು ನೆನೆದದ್ದು ಮೂರು; ಆ ಕೊರತೆಯನ್ನು ಪೂನಾದವರು ಒಪ್ಪಿಕೊಂಡರು, ಭಾವಮೈದ ಇನ್ನೂ ಒಪ್ಪಿಲ್ಲ. ಉಳಿಸಿಕೊಂಡ ಆರ್ಡರು ಒಂದು. ನಾನು ಕಲಿತ ಇಂಗ್ಲಿಷು ಮೂರು ಪದ. ಮತ್ತೆ ಮೇಷ್ಟ್ರಿಗೆ, ಗುಬ್ಬಿಯಿಂದ, ಒಬ್ಬ ಹೊಸ ಗಿರಾಕಿ.