ಗೇಟಿನಲ್ಲಿ ಸಿಕ್ಕ ಬೆಳ್ಳಿ

ಬೆಳ್ಳಿ ಇರುವ ಕಡೆ ಮನುಷ್ಯರು ನೆಟ್ಟಗಿರುವುದಿಲ್ಲ. ತೊಂಬತ್ತರ ದಶಕವನ್ನು ಮುಂಬಯಿ ಪಕ್ಕದ ಮಹಾಪೆಯ ಒಂದು ಕಾರ್ಖಾನೆಯ ಸ್ಟೋರಿನಲ್ಲಿ ಕೂತು ಕಳೆದವನು ನಾನು. ದಿನಾ ಬೆಳಿಗ್ಗೆ ಡೊಂಬಿವಲಿಯಿಂದ ಹೊರಡುವಾಗಲೇ, ಇವತ್ತು ಏನು ಕಾದಿದೆಯೋ ಎಂದುಕೊಳ್ಳುತ್ತಿದ್ದೆ. ಒಂದಲ್ಲ ಒಂದು ಕಾದೇ ಇರುತ್ತಿತ್ತು.

ಟಿವಿ, ಫೋನು, ವಾಷಿಂಗ್ ಮೆಷಿನ್ನುಗಳ ಸ್ವಿಚ್ಚಿನೊಳಗೆ ಕರೆಂಟು ಹಾಯಲು ಸಾಸಿವೆ ಗಾತ್ರದ ಬೆಳ್ಳಿ ಬೊಟ್ಟು ಇರುತ್ತದೆ. ಅದನ್ನು ನಾವು ಮಾಡುತ್ತಿದ್ದೆವು. ಜನ ಟಿವಿ ಕೊಂಡಷ್ಟೂ ನಮಗೆ ಆರ್ಡರು, ಆರ್ಡರು ಬಂದಷ್ಟೂ ನಮ್ಮ ಸೇಠರಿಗೆ ಅನುಮಾನ.

೧. ಧೂಳು

ನಮ್ಮಲ್ಲಿ ಕಸ ಗುಡಿಸಿದರೆ ಎಸೆಯುವಂತಿರಲಿಲ್ಲ. ಅದರಲ್ಲಿ ಬೆಳ್ಳಿಪುಡಿ ಇರುತ್ತದೆ, ಕರಗಿಸಿ ತೆಗೆಯಬೇಕು. ಹಳೆಯ ಏಪ್ರನ್ನು ಸುಟ್ಟು ಬೂದಿ ಸೋಸುತ್ತಿದ್ದರು. ಕೈ ತೊಳೆದ ನೀರಿಗೂ ಬೇರೆ ಡ್ರಮ್ಮು. ಪಾಲಿಶ್ ಮಾಡುವವರ ತಲೆಯಲ್ಲೂ ಪುಡಿ ಕೂರುತ್ತದೆಂದು ಸೇಠರು ಕಂಪೌಂಡಿಗೇ ಕ್ಷೌರದವನನ್ನು ಕರೆಸಿ, ಕೂದಲು ಇಟ್ಟುಕೊಂಡರು.

ಕಳವಾ ಎಂಬ ಊರಿನಿಂದ ಬರುತ್ತಿದ್ದ ಪಾಲಿಶಿನವನೊಬ್ಬನಿಗೆ ಕೆಮ್ಮು ಹಿಡಿಯಿತು. ಎದೆ ಹಿಡಿದುಕೊಂಡು ಡಾಕ್ಟರ ಹತ್ತಿರ ಹೋಗಲು ರಜೆ ಕೇಳಿದ. ಸೇಠರಿಗೆ ಅಯ್ಯೋ ಅನಿಸಿತು.

“ಜಾ, ಭಾಯಿ, ಜಾ. ಲೇಕಿನ್ ಥೂಕನಾ ಹೋ ತೋ ಇಧರ್ ಹೀ ಥೂಕ್ ಕೆ ಜಾ.” ಉಗುಳುವುದಿದ್ದರೆ ಇಲ್ಲೇ ಉಗುಳಿ ಹೋಗಬೇಕಂತೆ.

೨. ಕಾಲುಂಗುರ

ಆಮೇಲೆ ಹೊಸ ನಿಯಮ ಬಂತು: ಮೈಮೇಲೆ ಬೆಳ್ಳಿ ಹಾಕಿಕೊಂಡು ಯಾರೂ ಒಳಗೆ ಬರಬಾರದು. ಹೊರಗೆ ಹೋಗುವಾಗ ಯಾವುದು ಅವರದು, ಯಾವುದು ನಮ್ಮದು ಎಂದು ಹೇಗೆ ತಿಳಿಯುವುದು?

ಬೊಟ್ಟು ಒತ್ತುವ ಪ್ರೆಸ್ಸಿನ ಮೇಲೆ ವಿಜಯಪುರ ಕಡೆಯ ಒಬ್ಬಳು ಕೆಲಸ ಮಾಡುತ್ತಿದ್ದಳು. ಎಲ್ಲರೂ ಅಕ್ಕಾ ಎನ್ನುತ್ತಿದ್ದೆವು. ಲೋಡಿಂಗಿನಲ್ಲಿ ಬಿದ್ದು ಸೊಂಟ ಮುರಿದುಕೊಂಡ ಗಂಡ ದಿವಾ ಊರಿನ ಬಾಡಿಗೆ ಖೋಲಿಯಲ್ಲಿ ಮಲಗಿದ್ದ. ಇವಳು ದುಡಿದರೆ ಅವನಿಗೆ ಔಷಧ. ಅವಳು ಕಾಲುಂಗುರ ತೆಗೆಯಲು ಸುತರಾಂ ಒಪ್ಪಲಿಲ್ಲ.

“ಇವನ್ನ ತಗದ್ರ ಅಂವ ಉಳಿಯೂದಿಲ್ರಿ ಅಣ್ಣಾರ,” ಎಂದಳು ನನ್ನ ಹತ್ತಿರ. “ಕೆಲಸ ಬಿಟ್ರೂ ಅಂವ ಉಳಿಯೂದಿಲ್ಲ. ಯಾವುದರಿಂದ ಸಾಯಿಸ್ಲಿ ಅಂತ ಸೇಠರನ್ನ ಒಂದು ಮಾತು ಕೇಳ್ರಿ.”

ನಾನು ಕೇಳಿದೆ. ಯೋಚಿಸಿ ಹೇಳುತ್ತೇನೆಂದರು.

೩. ತೂಕ

ಯೋಚಿಸಿ ಅವರು ಕಂಡುಕೊಂಡ ದಾರಿ ಇದು: ಅಕ್ಕನನ್ನು ಬೆಳಿಗ್ಗೆ ಒಳಗೆ ಬರುವಾಗ, ಸಂಜೆ ಹೊರಗೆ ಹೋಗುವಾಗ ತೂಕದ ಮೆಷಿನ್ನಿನ ಮೇಲೆ ನಿಲ್ಲಿಸುವುದು. ಕಾಲುಂಗುರ ಕಾಲಲ್ಲೇ ಇರಲಿ, ತೂಕ ಹೆಚ್ಚಾಗಬಾರದು.

ಮೊದಲ ಸಂಜೆಯೇ ವಾಚ್‌ಮನ್ ಅಡ್ಡಗಟ್ಟಿದ. “ವಜನ್ ಬಢ್ ಗಯಾ!”

“ಬುತ್ತಿ ತಿಂದೀನೋ ಯಪ್ಪಾ! ಜ್ವಾಳದ ರೊಟ್ಟಿ, ಪುಂಡಿಪಲ್ಯ. ಹೊಟ್ಟಿ ಸೀಳಿ ತೋರಿಸ್ಲೇನು?”

ಮರುದಿನದಿಂದ ಅವಳು ಮಧ್ಯಾಹ್ನದ ಊಟ ಬಿಟ್ಟಳು. ಸೇಠರಿಗೆ ಮಾತ್ರ ಖುಷಿ: ಊಟದ ಹೊತ್ತಿನಲ್ಲೂ ಪ್ರೆಸ್ಸು ನಡೆಯುತ್ತಿತ್ತು.

೪. ಬಹುಮಾನ

ಶ್ರಾವಣದಲ್ಲಿ ಅವಳ ಗಂಡ ತೀರಿಕೊಂಡ. ಕ್ರಿಯೆ ಮುಗಿಸಿ ಕಾಲುಂಗುರವಿಲ್ಲದೆ ಬಂದಳು. ವಾಚ್‌ಮನ್ ಕಾಲು ನೋಡಿದ. ತೂಕದ ಮೆಷಿನ್ನನ್ನು ಗೋಡೆಗೆ ಸರಿಸಿದ. ಆದರೆ ಸಂಜೆ ಸೇಠರಿಗೆ ವರದಿ ಒಪ್ಪಿಸಿದ: ಅವಳು ಉಂಗುರ ತೆಗೆದಿದ್ದಾಳೆ. ಯಾಕೆ ಎಂದು ಸೇಠರೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ದಸರೆಯಲ್ಲಿ ಮೆಷಿನ್ನುಗಳ ಪೂಜೆಯಾದ ಮೇಲೆ ಸೇಠರು ಮೈಕು ಹಿಡಿದರು. ಹಟ ಬಿಟ್ಟು ಶಿಸ್ತು ಕಲಿತವಳೆಂದು ಅಕ್ಕನನ್ನು ಹೊಗಳಿ, ಚಪ್ಪಾಳೆ ತಟ್ಟಿಸಿ, ಕೈಗೆ ಬಹುಮಾನವಿತ್ತರು. ಬೆಳ್ಳಿಯ ಕುಂಕುಮ ಭರಣಿ.

ಗಂಡ ತೀರಿದ್ದು ಗೊತ್ತಿದ್ದ ನಾವೆಲ್ಲ ನೆಲ ನೋಡಿದೆವು. ನಾಚಿಕೆಯಿಂದ ಸತ್ತುಹೋಗುವಂತಾಯಿತು. ಅಕ್ಕ ಅದನ್ನು ಹಿಡಿದುಕೊಂಡು ಸೀದಾ ಗೇಟಿಗೆ ನಡೆದು ವಾಚ್‌ಮನ್ನನ ಮೇಜಿನ ಮೇಲೆ ಇಟ್ಟಳು.

“ಬೆಳ್ಳಿ ಒಳಗ ತರಬ್ಯಾಡ ಅಂದ್ರಿ, ತರಲಿಲ್ಲ. ಹೊರಗ ಒಯ್ಯಬ್ಯಾಡ ಅಂದ್ರಿ, ಒಯ್ಯೂದಿಲ್ಲ. ಶಿಸ್ತು ಅಂದ್ರ ಶಿಸ್ತು.”

ಮತ್ತೆ ಅವಳು ಕೆಲಸಕ್ಕೆ ಬರಲಿಲ್ಲ.

ಗೇಟಿನಲ್ಲಿ ಸಿಕ್ಕ ಬೆಳ್ಳಿ ಕರಗಿಸುವ ಒಲೆಗೆ ಹೋಗಬೇಕೆಂಬುದು ನಿಯಮ. ಭರಣಿಯನ್ನು ನಾನೇ ಒಯ್ದೆ. ಒಲೆಯವನು ಅರದಿಂದ ಒಂದು ಸಲ ಉಜ್ಜಿ ನಕ್ಕುಬಿಟ್ಟ. ಒಳಗೆಲ್ಲ ಹಿತ್ತಾಳೆ, ಮೇಲೆ ಬೆಳ್ಳಿಯ ಲೇಪ.

ಅಷ್ಟು ವರ್ಷ ಮೈ ತಡವಿ, ತೂಕ ಹಾಕಿ, ಕೂದಲು ಕತ್ತರಿಸಿ ಕಾದ ಆ ಗೇಟಿನಲ್ಲಿ ಸಿಕ್ಕಿಬಿದ್ದ ಖೋಟಾ ಮಾಲು ಅದೊಂದೇ.