ಆದೋನಿಯಲ್ಲಿ ನಾನು ತಯಾರಿಸಿದ ಸಮುದ್ರ

ಇಂಗ್ಲಿಷು ಓದಲು ಬರುವ ಮನುಷ್ಯನಿಗೆ ಯಂತ್ರ ಒಂದು ದೊಡ್ಡ ಮಾತಲ್ಲ ಎಂದು ನಾನು ಬಹಳ ವರ್ಷ ನಂಬಿದ್ದೆ. ಆ ನಂಬಿಕೆಯಿಂದ ನನಗೆ ಸುಖವೂ ಇತ್ತು.

ಆಗ ಯುದ್ಧದ ಕಾಲ. ಆದೋನಿಯ ಒಂದು ಹತ್ತಿ ಪ್ರೆಸ್ಸಿನಲ್ಲಿ ನಾನು ಉಗ್ರಾಣದ ಗುಮಾಸ್ತನಾಗಿದ್ದೆ. ಹಗ್ಗ, ಗೋಣಿತಾಟು, ಮೊಳೆ, ಎಣ್ಣೆಡಬ್ಬಿಗಳನ್ನು ಕೇಳಿದವರಿಗೆ ಕೊಡುವುದು, ಕೇಳದೆ ಒಳಗೆ ಬಂದವರನ್ನು ಅನುಮಾನದಿಂದ ನೋಡುವುದು, ಇಷ್ಟೇ ನನ್ನ ಉದ್ಯೋಗ. ಆದರೆ ಇಡೀ ಪ್ರೆಸ್ಸಿನಲ್ಲಿ ಮೆಟ್ರಿಕ್ ಮುಟ್ಟಿದವನು ನಾನೊಬ್ಬನೇ. ಮುಟ್ಟಿದೆ ಎಂದೆನೇ ಹೊರತು ದಾಟಿದೆ ಎನ್ನಲಿಲ್ಲ; ಆ ವ್ಯತ್ಯಾಸವನ್ನು ಅಲ್ಲಿ ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

ನಮ್ಮ ಸಾಹುಕಾರ ವೀರಣ್ಣನವರು ಒಮ್ಮೆ ಮುಂಬಯಿಗೆ ಹೋದಾಗ, ಅಲ್ಲಿ ಹಳೆಯ ಹಡಗೊಂದನ್ನು ಒಡೆದು ಮಾರುತ್ತಿದ್ದುದನ್ನು ಕಂಡು, ಅದರ ಡೆಕ್ಕಿನ ಮೇಲಿದ್ದ ವಿಂಚನ್ನು ಕೊಂಡು ರೈಲಿಗೆ ಹಾಕಿಸಿದರು. ವಿಂಚೆಂದರೆ ಉಕ್ಕಿನ ಹಗ್ಗ ಸುತ್ತಿಕೊಂಡು ಭಾರ ಎತ್ತುವ ರಾಟೆ. ಈ ರಾಟೆಯನ್ನು ತಿರುಗಿಸುವುದು ಒಂದು ಹೈಡ್ರಾಲಿಕ್ ಮೋಟಾರು. ಪಂಪು ಎಣ್ಣೆಯನ್ನು ಒತ್ತಿ ಕಳಿಸುತ್ತದೆ, ಆ ಒತ್ತಡಕ್ಕೆ ಮೋಟಾರು ತಿರುಗುತ್ತದೆ. ಹಡಗಿನ ಮೇಲೆ ಅದು ಲಂಗರು ಎತ್ತುತ್ತಿತ್ತಂತೆ. ನಮ್ಮಲ್ಲಿ ಹತ್ತಿಯ ಬೇಲುಗಳನ್ನು, ಅಂದರೆ ಒತ್ತಿ ಬಿಗಿದ ದೊಡ್ಡ ಮೂಟೆಗಳನ್ನು, ಅಟ್ಟದ ಗೋದಾಮಿಗೆ ಎತ್ತಬೇಕಾಗಿತ್ತು.

ಅದುವರೆಗೆ ಆ ಕೆಲಸ ಮಾಡುತ್ತಿದ್ದವರು ಹಮಾಲರು. ಒಂದೊಂದು ಬೇಲಿಗೆ ನಾಲ್ಕು ಜನ, ಇಳಿಜಾರು ಹಲಗೆಯ ಮೇಲೆ ಬೆನ್ನು ಬಾಗಿಸಿ ಏರಬೇಕು. ಅವರ ಮುಖಂಡ ಕಾಸೀಂ ಸಾಬನ ಬೆನ್ನು ಇಪ್ಪತ್ತು ವರ್ಷ ಬಾಗಿ ಬಾಗಿ, ಈಗ ಮನೆಗೆ ಹೋಗುವಾಗಲೂ ನೆಟ್ಟಗಾಗುತ್ತಿರಲಿಲ್ಲ. ಯಂತ್ರ ಬಂದ ದಿನ ಅವನು ಅದರ ಕಬ್ಬಿಣವನ್ನು ಅಂಗೈಯಿಂದ ಸವರಿ ನೋಡಿದ್ದು ನನಗೆ ನೆನಪಿದೆ. ಸಂತೆಯಲ್ಲಿ ಎತ್ತು ನೋಡುವವರು ಹಾಗೆ ಸವರುತ್ತಾರೆ.

ಯಂತ್ರದ ಜೊತೆಗೆ ಎಣ್ಣೆ ಕುಡಿದು ದಪ್ಪಗಾದ ಒಂದು ಇಂಗ್ಲಿಷ್ ಪುಸ್ತಕವೂ ಬಂದಿತ್ತು. ಉಷ್ಣ ದೇಶಗಳಲ್ಲಿ ಹಡಗಿನ ಡೆಕ್ಕಿನ ಯಂತ್ರಗಳು ಕೆಡದಂತೆ ನಡೆಸುವ ಬಗೆ ಎಂಬುದು ಅದರ ತಾತ್ಪರ್ಯ. ಸಾಹುಕಾರರು ಅದನ್ನು ನನ್ನ ಕೈಗಿತ್ತರು. ಅಂದಿನಿಂದ ನಾನು ಗುಮಾಸ್ತನಂತೆ ನಡೆಯುವುದನ್ನು ಬಿಟ್ಟೆ.

ಚಳಿಗಾಲದಲ್ಲಿ ವಿಂಚು ಬಂಗಾರದಂತೆ ನಡೆಯಿತು. ಬೇಸಿಗೆ ಬಂತು. ಆದೋನಿಯ ಬೇಸಿಗೆ ಎಂದರೆ ಕರಿಯ ಬಂಡೆಗಳ ನಡುವೆ ಊರನ್ನೇ ಹಂಚಿನ ಮೇಲಿಟ್ಟಂತೆ. ಒಂದು ಮಧ್ಯಾಹ್ನ ಅರ್ಧ ಎತ್ತರದಲ್ಲಿ ನಿಲ್ಲಿಸಿದ್ದ ಬೇಲು, ಯಾರೂ ಮುಟ್ಟದೆ, ಸದ್ದಿಲ್ಲದೆ, ಬಹಳ ಗಾಂಭೀರ್ಯದಿಂದ ಕೆಳಗಿಳಿಯತೊಡಗಿತು. ಕೆಳಗೆ ಹಮಾಲರು ಊಟಕ್ಕೆ ಕೂತಿದ್ದರು. ಕಾಸೀಂ ಸಾಬ್ ತಲೆ ಎತ್ತಿ ನೋಡಿದ್ದರಿಂದ ಎಲ್ಲರೂ ಎದ್ದು ಓಡಿದರು. ಬೇಲು ಬಂದು ಅವರ ಬುತ್ತಿಗಳ ಮೇಲೆ ಕೂತಿತು. ಮೊದಲೇ ತೆಳ್ಳಗಿದ್ದ ಜೋಳದ ರೊಟ್ಟಿಗಳು ಕಾಗದವಾದವು!

ಕಾಸೀಂ ಸಾಬ್ ಕೂಗಾಡಲಿಲ್ಲ. ನೇರವಾಗಿ ನನ್ನ ಬಳಿ ಬಂದ.

"ಸಾಬ್, ಇದು ಮುಂಜಾನಿ ಎತ್ತತೈತಿ, ಮಧ್ಯಾಹ್ನ ತೂಕಡಸತೈತಿ. ಇದ್ರ ಕೆಳಗ ನನ್ನ ಮಂದಿ ನಿಲ್ಲೂದು ನಕ್ಕೋ, ಬ್ಯಾಡ. ಹಳೇ ಹಲಗೀನೇ ಪಾಡು."

ಅಂದರೆ ಮತ್ತೆ ಬೆನ್ನು ಬಾಗಿಸುವುದು. ಅವನು ಹಾಗೆ ಅಂದಾಗ ನನಗೆ ನಿಜವಾಗಿಯೂ ಕೆಟ್ಟದೆನಿಸಿತು. ನಾನು ಇದನ್ನು ಸರಿ ಮಾಡಿ ತೋರಿಸುತ್ತೇನೆ ಎಂದು ಎಲ್ಲರೆದುರಿಗೆ ಮಾತು ಕೊಟ್ಟೆ. ಮರುಕ ಮತ್ತು ಮೆಟ್ರಿಕ್ಕು ಎರಡೂ ಒಂದೇ ಮನುಷ್ಯನಲ್ಲಿ ಸೇರಿದರೆ ಅಪಾಯ.

ಪುಸ್ತಕ ತೆರೆದೆ. ಕಾರಣ ಸ್ಪಷ್ಟವಾಗಿಯೇ ಇತ್ತು. ಬಿಸಿಯಾದರೆ ಎಣ್ಣೆ ತೆಳುವಾಗುತ್ತದೆ, ತೆಳುವಾದ ಎಣ್ಣೆ ಮೋಟಾರಿನ ಸಂದುಗಳಲ್ಲಿ ಜಾರಿಕೊಳ್ಳುತ್ತದೆ, ಭಾರ ನಿಲ್ಲುವುದಿಲ್ಲ. ಪರಿಹಾರವೂ ಸ್ಪಷ್ಟವಾಗಿತ್ತು. ಎಣ್ಣೆಯ ತೊಟ್ಟಿಯೊಳಗೆ ಒಂದು ಸುರುಳಿ ಕೊಳವೆ ಇಟ್ಟು, ಅದರಲ್ಲಿ ಸದಾ ಸಮುದ್ರದ ನೀರನ್ನು ಹರಿಸಬೇಕು. ಆಗ ಎಣ್ಣೆ ತಣ್ಣಗಿರುತ್ತದೆ.

ಸಮುದ್ರದ ನೀರು! ನಾನು ಚಿಂತಾಕ್ರಾಂತನಾದೆ. ಆದೋನಿಯಿಂದ ಸಮುದ್ರ ಯಾವ ದಿಕ್ಕಿಗೆ ನಡೆದರೂ ಹತ್ತಿರವಿಲ್ಲ. ಆದರೆ ಓದಿದವನು ಹಿಂಜರಿಯಬಾರದು. ಸಮುದ್ರವೆಂದರೆ ಏನು? ನೀರು ಮತ್ತು ಉಪ್ಪು. ನೀರು ಪ್ರೆಸ್ಸಿನ ಬಾವಿಯಲ್ಲಿತ್ತು. ನಾನು ಸಾಹುಕಾರರ ಬಳಿ ಹೋಗಿ ನಾಲ್ಕು ಚೀಲ ಹರಳುಪ್ಪು ಬೇಕೆಂದು ಕೇಳಿದೆ.

"ಉಪ್ಪು ಎಂದುಕಪ್ಪಾ?" ಎಂದರು ಸಾಹುಕಾರರು. ತಲೆ ಕೆಟ್ಟಾಗ ಅವರ ಬಾಯಲ್ಲಿ ಮೊದಲು ತೆಲುಗೇ ಬರುತ್ತಿತ್ತು. "ಮಿಷನ್ನಿಗೆ ಉಪ್ಪಿನಕಾಯಿ ಹಾಕ್ತೀಯೇನು?"

ನಾನು ಪುಸ್ತಕದ ಆ ಸಾಲಿನ ಮೇಲೆ ಬೆರಳಿಟ್ಟು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಓದಿದೆ. ಅವರು, ನೀನು ಓದಿದವನು, ನಿನಗೆ ಗೊತ್ತಿರಬೇಕು ಎಂದು ಒಪ್ಪಿದರು.

ಹಡಗಿನ ಸುರುಳಿ ಕೊಳವೆ ರೈಲಿನಲ್ಲಿ ಬರುವಾಗಲೇ ಒಡೆದಿತ್ತು. ಅದು ಹಿತ್ತಾಳೆಯದು. ಅಂಥದು ಸಿಗಲಿಲ್ಲವಾಗಿ, ಉಗ್ರಾಣದಲ್ಲಿದ್ದ ಕಬ್ಬಿಣದ ಕೊಳವೆಯನ್ನೇ ಕಮ್ಮಾರನಿಂದ ಬಗ್ಗಿಸಿ ಕೂರಿಸಿದೆ. ಕಬ್ಬಿಣ ಹಿತ್ತಾಳೆಗಿಂತ ಗಟ್ಟಿ ಎಂದು ನನಗೆ ನಾನೇ ವಿವರಿಸಿಕೊಂಡೆ. ಕೊಳವೆಯ ಬಾಯಿ ಹೊಕ್ಕ ಅಂಗಳದ ಸಿಮೆಂಟು ತೊಟ್ಟಿಯಲ್ಲಿ ಸಮುದ್ರ ಸಿದ್ಧವಾಗತೊಡಗಿತು.

ಒಂದು ತೊಡಕು ಉಳಿಯಿತು. ಸಮುದ್ರ ಎಷ್ಟು ಉಪ್ಪಾಗಿರುತ್ತದೆಂದು ಪುಸ್ತಕದಲ್ಲಿರಲಿಲ್ಲ. ನಾನು ಸಮುದ್ರ ನೋಡಿರಲಿಲ್ಲ, ಸಾಹುಕಾರರು ಮುಂಬಯಿಯಲ್ಲಿ ನೋಡಿದ್ದರು, ನೆಕ್ಕಿರಲಿಲ್ಲ. ನಮ್ಮ ಮನೆಯಲ್ಲಿದ್ದ ನನ್ನ ಸೋದರತ್ತೆ ಗೋದಾಬಾಯಿ ಮಾತ್ರ ರಾಮೇಶ್ವರದಲ್ಲಿ ಮುಳುಗಿ, ಅಲೆಯೊಂದು ಬಡಿದಾಗ ಸಾಕಷ್ಟು ನುಂಗಿಯೂ ಬಂದಿದ್ದಳು. ಅವಳನ್ನು ಜಟಕಾದಲ್ಲಿ ಕರೆಸಿದೆ. ಮಡಿಯಲ್ಲಿ ಅಷ್ಟು ಕಟ್ಟುನಿಟ್ಟಿನ ಹೆಂಗಸು ಪ್ರೆಸ್ಸಿನ ತೊಟ್ಟಿಯ ನೀರು ಬಾಯಿಗೆ ಹಾಕುತ್ತಾಳೋ ಇಲ್ಲವೋ ಎಂದು ಹೆದರಿದ್ದೆ. ಸಮುದ್ರಕ್ಕೆ ಮೈಲಿಗೆ ಇಲ್ಲ ಎಂದು ಅವಳೇ ತೀರ್ಪು ಕೊಟ್ಟು, ಬೆರಳದ್ದಿ ನಾಲಿಗೆಗೆ ಹಚ್ಚಿ ಕಣ್ಣು ಮುಚ್ಚಿದಳು.

"ಸಾಲದೋ. ರಾಮೇಶ್ವರದ್ದು ಕಣ್ಣಾಗ ನೀರು ತರಸ್ತಿತ್ತು."

ಇನ್ನೂ ಎರಡು ಚೀಲ ಸುರಿದೆವು. ಅತ್ತೆಯ ಕಣ್ಣಲ್ಲಿ ನೀರು ಬಂತು. ಸಮುದ್ರ ಆಯಿತು.

ಮತ್ತು ಅದು ಕೆಲಸ ಮಾಡಿತು! ಇದೇ ದುರಂತದ ಮೂಲ. ಆ ವಾರವೆಲ್ಲ ಸುಡು ಮಧ್ಯಾಹ್ನದಲ್ಲೂ ಬೇಲುಗಳು ನಿಲ್ಲಿಸಿದಲ್ಲಿ ನಿಂತವು. ನಾನು ಕೈ ಬೆನ್ನಿಗೆ ಕಟ್ಟಿ ಅಂಗಳದಲ್ಲಿ ಓಡಾಡಿದೆ. ಮನೆಯಲ್ಲಿ ನನ್ನ ಹೆಂಡತಿ ರುಕ್ಮಿಣಿಗೆ ದಿನವೂ ಯಂತ್ರಶಾಸ್ತ್ರ ಹೇಳಿದೆ. ಅವಳು ಮಂತ್ರಾಲಯದವಳು, ತುಂಗಭದ್ರೆಯ ದಂಡೆಯಲ್ಲಿ ಬೆಳೆದವಳು. ನೀರಿನ ವಿಷಯ ಬಂದರೆ ಅವಳಿಗೆ ಏನೋ ಹೇಳಲಿಕ್ಕಿರುತ್ತಿತ್ತು. ನಾನು ಅವಕಾಶ ಕೊಡಲಿಲ್ಲ.

ಸಮುದ್ರದ ಕೀರ್ತಿ ಬೇಗ ಹರಡಿತು. ಮೊದಲು ಬಂದವು ಕುರಿಗಳು. ಆಸ್ಪರಿಯ ಕಡೆಯಿಂದ ಮಂದೆ ಹೊಡೆದುಕೊಂಡು ಹೋಗುತ್ತಿದ್ದ ಕುರುಬನೊಬ್ಬ ನಮ್ಮ ಗೇಟಿನೆದುರು ಬೀಡಿ ಹಚ್ಚಲು ನಿಂತ. ತೊಟ್ಟಿಯ ಗೋಡೆಯ ಮೇಲೆ ಒಣಗಿ ಬೆಳ್ಳಗಾಗಿದ್ದ ಉಪ್ಪಿನ ವಾಸನೆ ಕುರಿಗಳಿಗೆ ಹೇಗೆ ತಿಳಿಯಿತೋ, ಇಡೀ ಮಂದೆ ಒಳಗೆ ನುಗ್ಗಿ ಗೋಡೆ ನೆಕ್ಕತೊಡಗಿತು. ಅವುಗಳನ್ನು ಹೊರಗೆ ಹಾಕುವಷ್ಟರಲ್ಲಿ ಹತ್ತಿಯ ಕೆಲಸ ಅರ್ಧ ದಿನ ನಿಂತಿತು. ಗೋಡೆ ಮಾತ್ರ ಹೊಸದಾಗಿ ತೊಳೆದಂತಾಗಿತ್ತು.

ಆಮೇಲೆ ಹುಣ್ಣಿಮೆ ಬಂತು. ಗೋದಾಬಾಯಿ ಮುಂಜಾನೆ ಏಳು ಜನ ವೃದ್ಧೆಯರನ್ನು ಕರೆದುಕೊಂಡು ಪ್ರೆಸ್ಸಿಗೆ ಬಂದಳು. ಹುಣ್ಣಿಮೆಯ ಸಮುದ್ರಸ್ನಾನದ ಪುಣ್ಯ ಇಷ್ಟು ಹತ್ತಿರದಲ್ಲಿರುವಾಗ ಬಿಡುವುದು ಪಾಪವಂತೆ. ಇದು ಸಮುದ್ರವಲ್ಲ, ತೊಟ್ಟಿ ಎಂದು ನಾನು ಹೇಳಹೋದೆ. ತೊಟ್ಟಿಯಾಗಿದ್ದರೆ ನನ್ನನ್ನು ಕರೆಸಿ ರುಚಿ ನೋಡಿಸಿದ್ದೇಕೆ ಎಂದು ಕೇಳಿದಳು. ಅವರು ಸಂಕಲ್ಪ ಮಾಡಿ, ಅರಿಷಿಣ, ಹೂವು ಅರ್ಪಿಸಿ, ತಂಬಿಗೆಯಿಂದ ಮಿಂದು ಹೋದರು. ಸಾಹುಕಾರರು ಕಚೇರಿಯ ಕಿಟಕಿ ಮುಚ್ಚಿಕೊಂಡು ಕೂತಿದ್ದರು. ಚೆಂಡುಹೂವು ಕೊಳವೆಯ ಬಾಯಿಗೆ ಸಿಕ್ಕಿಕೊಂಡದ್ದನ್ನು ತೆಗೆಯುವಾಗ, ಕಬ್ಬಿಣ ಕೆಂಪಗಾಗಿ ಪದರು ಪದರಾಗಿ ಉದುರುವುದು ಕಂಡಿತು. ಅರಿಷಿಣದ ಬಣ್ಣ ಹತ್ತಿರಬೇಕೆಂದುಕೊಂಡೆ.

ಯಂತ್ರದ ಯಶಸ್ಸನ್ನು ನಾಲ್ಕು ಜನಕ್ಕೆ ತೋರಿಸಬೇಕೆಂದು ಸಾಹುಕಾರರಿಗೆ ಆಸೆಯಾಯಿತು. ಸ್ಟೇಷನ್ ಮಾಸ್ತರರು, ಊರಿನ ಹತ್ತಿ ವರ್ತಕರು ಬಂದು ಅಂಗಳದಲ್ಲಿ ಕುರ್ಚಿ ಹಿಡಿದರು. ಗೋದಾಬಾಯಿ ಹಟ ಹಿಡಿದದ್ದರಿಂದ ರುಕ್ಮಿಣಿಯೂ ಅವಳ ಜೊತೆ ಬಂದು ಬೇವಿನ ನೆರಳಲ್ಲಿ ನಿಂತಳು. ಕಾಸೀಂ ಸಾಬ್ ಮಾತ್ರ ತನ್ನವರನ್ನು ಬೇಲಿನ ಕೆಳಗೆ ಬಿಡಲೊಪ್ಪಲಿಲ್ಲ. ಒಂದು ವಾರ ನೋಡಿದ್ದು ಸಾಲದು, ಒಂದು ಬೇಸಿಗೆ ನೋಡಬೇಕು ಎಂದ. ವರ್ತಕರೊಬ್ಬರು ನಕ್ಕರು. ನನಗೆ ಅವಮಾನವಾಯಿತು.

ಯಂತ್ರದ ಮೇಲೆ ನನಗೆಷ್ಟು ಭರವಸೆಯೆಂದು ತೋರಿಸುತ್ತೇನೆ ಎಂದು, ಪಂಚೆ ಕಚ್ಚೆ ಬಿಗಿದು, ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು, ನಾನೇ ಬೇಲಿನ ಮೇಲೆ ಹತ್ತಿ ಕೂತೆ. ವಿಂಚು ನಡೆಸುವವನಿಗೆ ಎತ್ತಲು ಸನ್ನೆ ಮಾಡಿದೆ.

ಬೇಲು ಏರಿತು. ಜನ ಚಿಕ್ಕವರಾದರು. ದೂರದ ಕೋಟೆಗುಡ್ಡ ಚೆನ್ನಾಗಿ ಕಂಡಿತು. ಎರಡಾಳು ಎತ್ತರ ದಾಟಿದಾಗ ಮೋಟಾರು ಒಮ್ಮೆ ಬಿಕ್ಕಿತು. ಮತ್ತೊಮ್ಮೆ ಬಿಕ್ಕಿತು. ನಾನು ಗಾಳಿಯಲ್ಲಿ ಜೋಕಾಲಿಯಾಡಿದೆ. ಆಮೇಲೆ ಅದು ನಿಂತೇಬಿಟ್ಟಿತು. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ.

ಕಾಸೀಂ ಸಾಬ್ ಎಣ್ಣೆಯ ತೊಟ್ಟಿಯ ಮುಚ್ಚಳ ತೆಗೆದು ನೋಡಿ, ಒಳಗೆ ಮಜ್ಜಿಗೆ ಐತಿ ಎಂದ. ಎಲ್ಲರೂ ಹೋಗಿ ನೋಡಿದರು. ತುಕ್ಕು ತಿಂದ ಕೊಳವೆ ತೂತಾಗಿ, ಉಪ್ಪುನೀರು ಎಣ್ಣೆಗೆ ಸೇರಿ, ಕಡೆದು ಕಡೆದು ಬೆಳ್ಳಗೆ ನೊರೆಯಾಗಿತ್ತು. ಮೋಟಾರಿನೊಳಗೂ ತುಕ್ಕಿನ ಚೂರು ಸಿಕ್ಕಿ ಬಿಗಿದಿತ್ತು.

ಆಗ ರುಕ್ಮಿಣಿ ನೆರಳಿನಿಂದ ಹೊರಗೆ ಬಂದು ತಲೆಯೆತ್ತಿ ನನ್ನನ್ನು ನೋಡಿದಳು.

"ಅಲ್ರೀ, ಹಡಗಿನವ್ರಿಗೆ ಸುತ್ತೆಲ್ಲಾ ಉಪ್ಪುನೀರೇ. ಅದಕ್ಕ ಅದನ್ನ ಹಾಕ್ರಿ ಅಂತ ಬರದಿರಬೇಕು. ಆ ಹಡಗು ನಮ್ಮ ಬಾವ್ಯಾಗ ಇದ್ದಿದ್ರ, ಬಾವಿ ನೀರು ಹಾಕ್ರಿ ಅಂತಿದ್ರಲ್ಲಾ?"

ನಾನು ಮೇಲೆ ಕೂತಲ್ಲೇ ಪುಸ್ತಕ ತೆರೆದೆ. ಸಮುದ್ರದ ನೀರಿನ ಹಾಳೆಗೆ ಮುಂದಿನ ಹಾಳೆ ಎಣ್ಣೆಯಿಂದ ಅಂಟಿಕೊಂಡಿತ್ತು. ಉಗುರಿನಿಂದ ಬಿಡಿಸಿ ಓದಿದೆ. ಸಿಹಿನೀರು ಸಿಗುವಲ್ಲಿ ಅದನ್ನೇ ಬಳಸುವುದು ಎಲ್ಲ ರೀತಿಯಿಂದಲೂ ಉತ್ತಮ ಎಂದಿತ್ತು. ಅದನ್ನು ಯಾರಿಗೂ ಓದಿ ಹೇಳಲಿಲ್ಲ. ಆದರೆ ಅಂಟಿದ ಹಾಳೆ ಬಿಡಿಸಿದ್ದೂ ನನ್ನ ಮುಖವೂ ಕೆಳಗಿದ್ದವರಿಗೆಲ್ಲ ಕಾಣುತ್ತಿತ್ತು.

ತಮಾಷೆ ಅಲ್ಲಿಗೆ ಮುಗಿಯಿತು, ಏಕೆಂದರೆ ಬೇಲು ಒಂದು ಗೇಣು ಜಾರಿತು. ಬಿಗಿದ ಮೋಟಾರು ಯಾವಾಗ ಬಿಡುತ್ತದೋ ಹೇಳುವಂತಿರಲಿಲ್ಲ. ತೂಗಾಡುವ ಬೇಲಿಗೆ ಏಣಿ ಒರಗಿಸುವಂತಿರಲಿಲ್ಲ. ಉಳಿದದ್ದು ಒಂದೇ ದಾರಿ, ಕೆಳಗೆ ಬೇರೆ ಬೇಲುಗಳನ್ನು ಒಟ್ಟುತ್ತ ಬರುವುದು. ಅಂದರೆ ಯಾರಾದರೂ ಅದರ ಕೆಳಗೆ ಹೋಗಲೇಬೇಕು. ಅದಕ್ಕೆ ಒಪ್ಪಬೇಡವೆಂದು ನಾನೇ ಕಾಸೀಂ ಸಾಬನಿಗೆ ಕೂಗಿ ಹೇಳಿದೆ. ಅವನು ಕೇಳಿಸಿಕೊಳ್ಳಲಿಲ್ಲ. ತನ್ನವರಲ್ಲಿ ಮೂವರನ್ನು ಮಾತ್ರ ಕರೆದು, ಮಿಕ್ಕವರನ್ನು ದೂರ ನಿಲ್ಲಿಸಿ, ಆ ಬಾಗಿದ ಬೆನ್ನಿನಿಂದಲೇ ಮೊದಲ ಬೇಲನ್ನು ತಳ್ಳಿಕೊಂಡು ನನ್ನ ಕೆಳಗೆ ಬಂದ. ಒಂದರ ಮೇಲೊಂದು ಬೇಲು ಏರಿತು. ಅಷ್ಟು ಹೊತ್ತೂ ನಾನು ಉಸಿರನ್ನು ಹಗುರವಾಗಿ ಬಿಟ್ಟೆ, ನನ್ನ ಉಸಿರಿನ ಭಾರಕ್ಕೇ ಯಂತ್ರ ಜಾರೀತೆಂದು. ಕೊನೆಯ ಬೇಲು ನನ್ನ ಬೇಲಿಗೆ ತಗುಲಿದಾಗ ಮೆಟ್ಟಿಲಿಳಿದಂತೆ ಇಳಿದೆ. ಕಾಸೀಂ ಸಾಬ್ ಕೈ ಹಿಡಿದು ಇಳಿಸಿದ. ಅವನ ಕ್ಷಮೆ ಕೇಳಿದೆ. ಅವನು ನನ್ನ ಹೆಗಲ ಮೇಲಿನ ಹತ್ತಿ ಝಾಡಿಸಿದ, ಅಷ್ಟೇ.

ಮುಂದಿನ ರಿಪೇರಿಯಲ್ಲಿ ನನ್ನ ಪಾತ್ರ ಅಲ್ಪ. ಮಜ್ಜಿಗೆಯಾದ ಎಣ್ಣೆ ಚೆಲ್ಲಿ, ಮೋಟಾರು ಬಿಚ್ಚಿ ತೊಳೆದು, ಬಳ್ಳಾರಿಯಿಂದ ಹಿತ್ತಾಳೆ ಕೊಳವೆ ತರಿಸಿದರು. ಅದರಲ್ಲಿ ಹರಿಸಿದ್ದು ಬಾವಿಯ ನೀರು. ಹೊಸ ಎಣ್ಣೆಯನ್ನು ರುಕ್ಮಿಣಿ ಹೇಳಿಕಳಿಸಿದಂತೆ ಹಳೆಯ ಸೀರೆಯ ನಾಲ್ಕು ಮಡಿಕೆಯಲ್ಲಿ ಸೋಸಿ ತುಂಬಿದರು, ಹತ್ತಿಯ ಧೂಳು ಒಳಗೆ ಹೋಗಬಾರದೆಂದು. ಎಣ್ಣೆಯ ತೊಟ್ಟಿಯ ಮೇಲೆ ಚಪ್ಪರ ಹಾಕಿ, ಕುಡಿಯುವ ನೀರಿನ ಮಣ್ಣಿನ ಹರವಿಗೆ ಸುತ್ತುವಂತೆ ಒದ್ದೆ ಗೋಣಿ ಸುತ್ತಿದರು. ಆ ಬೇಸಿಗೆಯೆಲ್ಲ ಮೋಟಾರು ತೂಕಡಿಸಲಿಲ್ಲ. ಆದರೂ ಎತ್ತಿದ ಬೇಲಿನ ಕೆಳಗೆ ಯಾರೂ ನಿಲ್ಲಕೂಡದೆಂದು ಕಾಸೀಂ ಸಾಬ್ ನೆಲದ ಮೇಲೆ ಸುಣ್ಣದ ಗೆರೆ ಎಳೆಸಿದ. ಹಲಗೆಗಳನ್ನು ಒಲೆಗೆ ಕೊಟ್ಟರು. ಗೋದಾಬಾಯಿ ಮಾತ್ರ ಸಮುದ್ರವನ್ನು ಮೋರಿಗೆ ಬಿಟ್ಟ ಪಾಪಕ್ಕೆ ನನ್ನೊಡನೆ ಹದಿನೈದು ದಿನ ಮಾತಾಡಲಿಲ್ಲ.

ನನ್ನನ್ನು ಸಾಹುಕಾರರು ಕೆಲಸದಿಂದ ತೆಗೆಯಲಿಲ್ಲ. ಮಳೆಗಾಲದಲ್ಲಿ ಪ್ರೆಸ್ಸಿಗೆ ಒಂದು ಹೊಸ ತೂಕದ ಯಂತ್ರ ಬಂತು. ಜೊತೆಗೆ ಇಂಗ್ಲಿಷ್ ಪುಸ್ತಕ. ಅವರು ನನ್ನನ್ನು ಕರೆಸಿ ಅದನ್ನು ಕೈಗಿತ್ತಾಗ, ಕಳೆದುಹೋದ ಮಾನ ಮರಳಿ ಬಂತೆಂದು ನನ್ನ ಎದೆ ಉಬ್ಬಿತು.

"ಮನಿಗೆ ಒಯ್ದು ನಿನ್ನ ಹೆಂಡ್ತಿಗೆ ಓದಿ ಹೇಳಪ್ಪಾ," ಎಂದರು ಸಾಹುಕಾರರು. "ಆಕಿ ಏನಂತಾಳೋ, ಅದನ್ನ ಒಂದು ಕಾಗದದಾಗ ಬರಕೊಂಡು ಬಾ."

ಸಂಜೆ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಮೊದಲ ಹಾಳೆ ಓದಿ ಹೇಳಿದೆ. ರುಕ್ಮಿಣಿ ರೊಟ್ಟಿ ತಟ್ಟುತ್ತ ಕೇಳಿದಳು. ಸ್ವಲ್ಪ ಯೋಚಿಸಿ, ಮುಂದಿನ ಹಾಳೆ ಅಂಟಿಕೊಂಡಿಲ್ಲವಷ್ಟೇ, ನೋಡಿರಿ ಎಂದಳು.

ನಾನು ಅದನ್ನೂ ಬರೆದುಕೊಂಡೆ.