ಗಿಟಾರಿನ ಹೊಟ್ಟೆಗೆ ಕಿವಿಯಿಟ್ಟ ನಮ್ಮ ಕಾಕಾ

ನಮ್ಮ ಕಾಕಾನ ಮನೆಯಲ್ಲಿ ಹತ್ತು ಗಿಟಾರುಗಳಿವೆ. ಹತ್ತರಲ್ಲಿ ಎಷ್ಟನ್ನು ಅವರು ಬಾರಿಸಬಲ್ಲರು ಎಂದು ಕೇಳುತ್ತೀರಾ? ಒಂದನ್ನೂ ಇಲ್ಲ! ಹಾಡು ಹಾಗಿರಲಿ, ಗಿಟಾರನ್ನು ತೊಡೆಯ ಮೇಲೆ ಯಾವ ದಿಕ್ಕಿಗೆ ಇಟ್ಟುಕೊಳ್ಳಬೇಕು ಎಂಬ ವಿಷಯದಲ್ಲೂ ಅವರಿಗೆ ಇನ್ನೂ ಖಚಿತ ಅಭಿಪ್ರಾಯವಿಲ್ಲ. ಒಮ್ಮೆ ನಾನು ಧೈರ್ಯ ಮಾಡಿ, "ಕಾಕಾ, ಇಷ್ಟೆಲ್ಲಾ ಇಟ್ಕೊಂಡೀರಿ, ಒಂದ ಹಾಡ ಬಾರಸ್ರಲಾ" ಎಂದೆ. ಕಾಕಾ ಕನ್ನಡಕ ತೆಗೆದು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಮೂವತ್ತ ವರ್ಷ ಆಕಳಾ ಎಮ್ಮಿ ನೋಡೇನಿ ನಾ. ಒಂದ ದಿನರ ಯಾರರ ಬಂದು, ಡಾಕ್ಟರ, ಹಾಲ ಹಿಂಡ್ರಿ ಅಂದಾರೇನು?"

ನಾನು ಬಾಯಿ ಮುಚ್ಚಿಕೊಂಡೆ. ಇಂಡಿ ಊರಿನ ಹೈಸ್ಕೂಲಿನಲ್ಲಿ ಅರವತ್ತು ಹುಡುಗರ ಬಾಯಿ ಮುಚ್ಚಿಸುವವಳು ನಾನು!

ಹೌದು, ಕಾಕಾ ದನದ ಡಾಕ್ಟರು. ಆಲಮೇಲ, ಹೂವಿನ ಹಿಪ್ಪರಗಿ, ಮುದ್ದೇಬಿಹಾಳ ಎಂದು ಸುತ್ತಿ, ಕೊನೆಗೆ ಸಿಂದಗಿಯಲ್ಲಿ ನಿವೃತ್ತರಾದವರು. ಗಿಟಾರಿನ ಹುಚ್ಚು ಹತ್ತಿದ್ದು ಹೂವಿನ ಹಿಪ್ಪರಗಿಯಲ್ಲಿ. ಒಬ್ಬ ರೈತರ ಎಮ್ಮೆಗೆ ಕರು ಅಡ್ಡ ಸಿಕ್ಕಿತ್ತಂತೆ. ಅರ್ಧ ದಿನ ಒದ್ದಾಡಿ ತಾಯಿ ಮಗು ಇಬ್ಬರನ್ನೂ ಉಳಿಸಿ, ಕೈ ತೊಳೆಯಲು ಹಿತ್ತಲಿಗೆ ಹೋದರೆ ಗೋಡೆಯಲ್ಲಿ ಒಂದು ಗಿಟಾರು ನೇತಾಡುತ್ತಿದೆ! ಹಿಂದೆ ಆ ಮನೆಯಲ್ಲಿ ಬಾಡಿಗೆಗಿದ್ದ ಯಾರೋ ಮಾಸ್ತರರು ಬಿಟ್ಟು ಹೋದದ್ದು. ಮನೆಯ ಯಜಮಾನಿ ಅದರ ಹೊಟ್ಟೆಯ ತೂತಿನಲ್ಲಿ ಮೆಂತೆ ಬೀಜ ತುಂಬಿಟ್ಟಿದ್ದಳು. ಇಲಿ ಮುಟ್ಟುವುದಿಲ್ಲ, ನೆಲದ ತಂಪು ತಗಲುವುದಿಲ್ಲ, ಬೇಕಾದಾಗ ಅಲುಗಾಡಿಸಿ ಒಂದು ಹಿಡಿ ತೆಗೆಯಬಹುದು. ಕಾಕಾ ಕೈ ಒರೆಸಿಕೊಳ್ಳುತ್ತಾ ಸುಮ್ಮನೆ ಒಂದು ತಂತಿ ಮೀಟಿದರಂತೆ. ಮೆಂತೆ ತುಂಬಿದ ಆ ಹೊಟ್ಟೆಯಿಂದಲೂ ಅದೇನೋ ಒಂದು ಧ್ವನಿ ಎದ್ದು ಬಂತಂತೆ. ಮುಂದಿನದು ನಿಮಗೇ ಗೊತ್ತಾಗುತ್ತದೆ. ಬೀಜಗಳನ್ನೆಲ್ಲ ಪಾತ್ರೆಗೆ ಸುರಿದುಕೊಟ್ಟು ಗಿಟಾರನ್ನು ಸ್ಕೂಟರಿನ ಹಿಂದೆ ಕಟ್ಟಿಕೊಂಡು ಬಂದರು. ಎರಡು ಮೂರು ಕಾಳು ಇನ್ನೂ ಒಳಗಿವೆ, ತೆಗೆಯಲು ಕಾಕಾ ಬಿಡುವುದಿಲ್ಲ. ಅವು ಗಿಟಾರಿನ ಅಂಗಗಳೇ ಆಗಿಬಿಟ್ಟಿವೆ ಎಂದು ಅವರ ತೀರ್ಮಾನ.

ದನದ ಡಾಕ್ಟರಿಗೆ ಗಿಟಾರಿನ ಹುಚ್ಚು ಹಿಡಿದರೆ ಏನಾಗುತ್ತದೆ? ಗಿಟಾರೇ ದನವಾಗುತ್ತದೆ! ಯಾವ ಗಿಟಾರು ಬಂದರೂ ಮೊದಲು ಅದನ್ನು ಬೆಳಕಿಗೆ ನಿಲ್ಲಿಸಿ ಸುತ್ತ ಒಂದು ಪ್ರದಕ್ಷಿಣೆ. ಆಮೇಲೆ ಕುತ್ತಿಗೆ ನೇರವಾಗಿದೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡುವುದು. ಮರದ ಗೆರೆಗಳನ್ನು, ಎತ್ತಿನ ಮೈಮೇಲಿನ ಸುಳಿ ನೋಡಿದಂತೆ, ಬೆರಳಿನಿಂದ ಸವರುವುದು. ಆಮೇಲೆ ಕೊರಳಿನ ಸ್ಟೆತಸ್ಕೋಪು ತೆಗೆದು ಗಿಟಾರಿನ ಹೊಟ್ಟೆಗೆ ಇಟ್ಟು, ದಪ್ಪ ತಂತಿ ಮೀಟಿ, ಕೈಗಡಿಯಾರ ನೋಡುತ್ತಾ ಧ್ವನಿ ಎಷ್ಟು ಹೊತ್ತು ಉಳಿಯುತ್ತದೆ ಎಂದು ಎಣಿಸುವುದು. ಆ ಹೊತ್ತಿನಲ್ಲಿ ಯಾರೂ ಉಸಿರಾಡುವಂತಿಲ್ಲ! ಒಮ್ಮೆ ನನ್ನ ಮೂಗಿಗೆ ಏನೋ ಹೊಕ್ಕು ಸೀನು ಬಂತು. ಕಾಕಾ ಒಂದು ವಾರ ನನ್ನ ಫೋನು ಎತ್ತಲಿಲ್ಲ.

ನಗಬೇಡಿ, ಈ ವೈದ್ಯವೇನೂ ಸುಳ್ಳಲ್ಲ. ತಂತಿಗಳ ಬಿಗಿತಕ್ಕೆ ಗಿಟಾರುಗಳ ಹೊಟ್ಟೆ ನಿಜವಾಗಿಯೂ ಉಬ್ಬುತ್ತದಂತೆ. ಒಬ್ಬ ಕಾಲೇಜು ಹುಡುಗ ಹೊಸ ಮೆರುಗಿನ ಗಿಟಾರು ತಂದು ತೋರಿಸಿದಾಗ ಕಾಕಾ ಅಂಗೈಯಿಂದ ಎರಡು ಸಲ ತಟ್ಟಿ ನೋಡಿ, "ಹೊಟ್ಟಿ ಉಬ್ಬೈತಿ. ತಂತಿ ಸಡಲ ಮಾಡು. ಎಂಟ ದಿನ ವಿಶ್ರಾಂತಿ" ಎಂದರು. ಹುಡುಗ ಗಾಬರಿಯಾಗಿ "ಔಷಧ ಏನರ ಐತೇನ್ರಿ ಸರ್?" ಎಂದು ಕೇಳಿಯೇಬಿಟ್ಟ. ಕಾಕಾ ಗಂಭೀರವಾಗಿ ಅವನ ಹೆಸರಿಗೊಂದು ಚೀಟಿ ಬರೆದುಕೊಟ್ಟರು.

ಇನ್ನು ಖರೀದಿ. ಮುದ್ದೇಬಿಹಾಳದಲ್ಲಿ ಒಬ್ಬ ನಿವೃತ್ತ ಬ್ಯಾಂಕ್ ಮ್ಯಾನೇಜರರ ಬಳಿ ಬೀಟೆ ಮರದ ಗಿಟಾರಿದೆ ಎಂದು ಸುದ್ದಿ ಬಂತು. ನನಗೂ ರಜೆಯಿತ್ತು, ಜೊತೆಗೆ ಹೋದೆ. ಆ ಮ್ಯಾನೇಜರರು ಮಂಗಳೂರು ಕಡೆಯವರು, ಮಗಳ ಮನೆಗೆ ಬಂದು ನೆಲೆಸಿದವರು. ಮೃದು ಮಾತು, ಇಸ್ತ್ರಿ ಅಂಗಿ. ಪರೀಕ್ಷೆಯೆಲ್ಲ ಮುಗಿದ ಮೇಲೆ ಕಾಕಾ ಹೆಗಲ ಮೇಲಿನ ಟವೆಲ್ಲು ತೆಗೆದು ಅವರ ಕೈಮೇಲೆ ಹೊದಿಸಿ, ಕೆಳಗಿನಿಂದ ತಮ್ಮ ಕೈ ತೂರಿಸಿ ಅವರ ಬೆರಳು ಹಿಡಿದರು. ನಮ್ಮ ಕಡೆ ದನದ ಸಂತೆಯಲ್ಲಿ ದರ ಮಾತಾಡುವುದು ಹೀಗೆಯೇ. ಬಾಯಿಬಿಟ್ಟು ಹೇಳುವುದಿಲ್ಲ, ಟವೆಲ್ಲಿನ ಕೆಳಗೆ ಬೆರಳು ಒತ್ತಿ ಹೇಳುತ್ತಾರೆ, ಪಕ್ಕದವನಿಗೆ ತಿಳಿಯಬಾರದು ನೋಡಿ. ಆ ಪಾಪದ ಮನುಷ್ಯನಿಗೆ ಇದೆಲ್ಲ ಎಲ್ಲಿಂದ ಗೊತ್ತಿರಬೇಕು? ಕಾಕಾ ಮೂರು ಬೆರಳು ಹಿಡಿದು ಹುಬ್ಬು ಹಾರಿಸಿದರು. ಅವರು ಬೆವತರು. ಕಾಕಾ ಇನ್ನೊಂದು ಬೆರಳು ಸೇರಿಸಿ ಒತ್ತಿದರು. ಅವರು ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು:

"ಮೇಡಂ, ನಿಮ್ಮ ಚಿಕ್ಕಪ್ಪನವರಿಗೆ ಜ್ಯೋತಿಷ್ಯ ಬರುತ್ತದಾ? ನನ್ನ ಆರೋಗ್ಯದ ಬಗ್ಗೆ ಏನು ಹೇಳ್ತಾರೆ?"

ಅಂತೂ ಅರ್ಥ ಮಾಡಿಸಿ ಗಿಟಾರು ತಂದದ್ದಾಯಿತು. ಆದರೆ ತಂದ ಮಾತ್ರಕ್ಕೆ ಕೊಂಡಂತಲ್ಲ. ಎತ್ತು ಕೊಳ್ಳುವವರು ಒಂದೆರಡು ದಿನ ಹೂಡಿ ನೋಡಿ ಆಮೇಲೆ ಮಾತು ಮುಗಿಸುತ್ತಾರಲ್ಲ, ಹಾಗೆ ಕಾಕಾ ಪ್ರತಿ ಗಿಟಾರನ್ನೂ ಮೂರು ದಿನದ ಕರಾರಿನ ಮೇಲೆ ತರುತ್ತಾರೆ. ಕೊನೆಯ ತೀರ್ಪು ಕಾಕಾನ ಹೆಂಡತಿ, ನಮ್ಮ ಕಾಕುವಿನದು. ಕಾಕುವಿನ ತಂದೆ ಹಾರ್ಮೋನಿಯಂ ಮಾಸ್ತರರು, ತೊಟ್ಟಿಲಲ್ಲಿದ್ದಾಗಿನಿಂದ ಸ್ವರ ಕೇಳಿ ಬೆಳೆದ ಕಿವಿ ಅವಳದು. ಕಾಕಾ ಎದುರಿಗೆ ಕೂತು ಒಂದು ತಂತಿ ಮೀಟುತ್ತಾರೆ. ಕಾಕು "ಇಡ್ರಿ" ಎಂದರೆ ಉಂಟು, "ಒಯ್ರಿ" ಎಂದರೆ ಗಿಟಾರು ಮರುದಿನದ ಬಸ್ಸಿಗೆ ವಾಪಸ್ಸು. ಅಪೀಲಿಲ್ಲ! "ನಂದು ಬರೇ ಶರೀರ ಪರೀಕ್ಷಾ. ಜೀವ ಐತೋ ಇಲ್ಲೋ ಅಕಿನ ಹೇಳಬೇಕು" ಎನ್ನುತ್ತಾರೆ ಕಾಕಾ. ಬೀಟೆ ಮರದ್ದಕ್ಕೆ "ಇಡ್ರಿ" ಸಿಕ್ಕಿತು. ಕಾಕಾ ಅದಕ್ಕೆ ಗೌರಿ ಎಂದು ಹೆಸರಿಟ್ಟರು.

ಗೌರಿಗೆ ಲಿಂಬೆಹಣ್ಣಿನ ಸ್ನಾನವಾದ ಕಥೆ ಹೇಳಲೇಬೇಕು, ಏಕೆಂದರೆ ಅದರಲ್ಲಿ ನನ್ನ ಪಾಪವೂ ಇದೆ. ಗಿಟಾರಿನ ಕುತ್ತಿಗೆಯ ಮೇಲೆ ಬೆರಳು ಒತ್ತುವ ಕರಿ ಪಟ್ಟಿಯಿರುತ್ತದಲ್ಲ, ಅದು ಒಣಗದಂತೆ ಲಿಂಬೆ ಎಣ್ಣೆ ಹಚ್ಚಬೇಕೆಂದು ಯಾರೋ ಮೊಬೈಲಿನಲ್ಲಿ ಹೇಳಿದ್ದನ್ನು ಕಾಕಾ ಕೇಳಿದರು. ನನಗೆ ಫೋನು ಬಂತು.

"ಏ ಹುಡುಗಿ, ಲಿಂಬಿಕಾಯಿ ಅಂದ್ರ ಇಂಡಿ. ಅಲ್ಲೇ ಇದ್ದು ನೀ ಏನ ಮಾಡಾಕತ್ತಿ? ಒಂದ ಚೀಲ ಕಳಸು!"

ಲಿಂಬೆ ಎಣ್ಣೆ ಎಂದರೆ ಅಂಗಡಿಯಲ್ಲಿ ಸಿಗುವ ಬೇರೆಯೇ ಪದಾರ್ಥ ಎಂದು ನನಗಾದರೂ ಏನು ಗೊತ್ತು? ಊರಿನ ಅಭಿಮಾನ ಉಕ್ಕಿ, ತೋಟದಿಂದ ಆಗಷ್ಟೇ ಕಿತ್ತ ರಸಭರಿತ ಹಣ್ಣುಗಳನ್ನು ಬಸ್ಸಿನಲ್ಲಿ ಕಳಿಸಿದೆ. ಕಾಕಾ ಅಂಗಳದಲ್ಲಿ ಚಾಪೆ ಹಾಸಿ, ಗೌರಿಯನ್ನು ಮಲಗಿಸಿ, ಹಣ್ಣು ಹೋಳು ಮಾಡಿ ಮಾಡಿ ತಿಕ್ಕಿದರು. ಹಾಲಿನವಳು ಬಂದು ನೋಡುತ್ತಾಳೆ: ಚಾಪೆಯ ಮೇಲೆ ಏನೋ ಮಲಗಿದೆ, ಸುತ್ತ ಕತ್ತರಿಸಿದ ಲಿಂಬೆಹಣ್ಣು, ನಡುವೆ ಡಾಕ್ಟರು ಕಣ್ಣು ಮುಚ್ಚಿ ಕೂತಿದ್ದಾರೆ! ಹಾಲಿನ ಕ್ಯಾನು ಅಲ್ಲೇ ಬಿಟ್ಟು ಓಡಿದಳು. ಸಂಜೆಯೊಳಗೆ ಓಣಿಯೆಲ್ಲ ಡಾಕ್ಟರ ಮನೆಯಲ್ಲಿ ಮಾಟ ತೆಗೆಯುತ್ತಾರೆ ಎಂದು ಸುದ್ದಿ. ಮರುದಿನ ಇಬ್ಬರು ಹೆಂಗಸರು ತಾಯಿತ ಕೇಳಿಕೊಂಡು ಬಂದರು. ಗೌರಿಯ ತಂತಿಗಳು ಮೂರೇ ದಿನದಲ್ಲಿ ತುಕ್ಕು ಹಿಡಿದವು, ಕರಿ ಪಟ್ಟಿ ಬೂದಿ ಬಣ್ಣಕ್ಕೆ ತಿರುಗಿತು. ಕಾಕು ಹೊರಗೆ ಬಂದು ನೋಡಿ ಹೇಳಿದಳು:

"ಉಪ್ಪು ಖಾರನೂ ಹಚ್ಚಿಬಿಡ್ರಿ. ಜಾಡಿ ತೊಳದ ಕೊಡ್ತೇನಿ."

ಹೀಗೆ ನಗುನಗುತ್ತಾ ನಡೆದಿದ್ದ ಕಥೆಗೆ ಈ ಬೇಸಿಗೆಯಲ್ಲಿ ಒಂದು ತಡೆ ಬಂತು. ಬಸವನ ಬಾಗೇವಾಡಿಯ ಒಬ್ಬ ವಕೀಲರ ಮನೆಯಿಂದ ಕಾಕಾ ಹತ್ತನೆಯ ಗಿಟಾರನ್ನು ಎಂದಿನ ಮೂರು ದಿನದ ಕರಾರಿನ ಮೇಲೆ ತಂದಿದ್ದರು. ಮೂರು ಹೋಗಿ ಎಂಟಾಯಿತು, ಎಂಟು ಹೋಗಿ ಹದಿನೈದಾಯಿತು. ಕಾಕುವಿನ ತೀರ್ಪೇ ಆಗಿರಲಿಲ್ಲ. ವಕೀಲರು ದಿನಕ್ಕೆರಡು ಸಲ ಫೋನು. ಕಾಕಾ ಎತ್ತುತ್ತಿರಲಿಲ್ಲ. ಕೊನೆಗೆ ಒಂದು ಭಾನುವಾರ ನನ್ನನ್ನು ಸಿಂದಗಿಗೆ ಕರೆಸಿಕೊಂಡರು.

ಹೋಗಿ ನೋಡಿದರೆ ಕಾಕಾ ಪಡಸಾಲೆಯಲ್ಲಿ ಆ ಗಿಟಾರನ್ನು ಅಪ್ಪಿಕೊಂಡು ಕೂತಿದ್ದಾರೆ. ನನ್ನನ್ನು ಹತ್ತಿರ ಕರೆದು ಪಿಸುಗುಟ್ಟಿದರು. ನಮ್ಮ ಕಾಕಾ ಪಿಸುಗುಟ್ಟುವುದೇ! ಹೊಲದ ಈ ತುದಿಯಿಂದ ಆ ತುದಿಗೆ ಕೂಗಿ ದನ ಹಿಡಿಸಿದ ಗಂಟಲು ಅದು.

"ನಿಮ್ಮ ಕಾಕೂನ ಕಿವಿ ಹೋಗ್ಯಾವು ಅಂತ ಕಾಣತೈತಿ. ಹಾಲು ಉಕ್ಕಿದ್ರ ಗೊತ್ತಾಗೂದಿಲ್ಲ. ಬಾಜೂಕ ಫೋನ ಬಡಕೊಂಡ್ರೂ ಸುಮ್ಕ ಇರ್ತಾಳ."

"ದವಾಖಾನಿಗೆ ಕರ್ಕೊಂಡ ಹೋಗ್ರಿ ಮತ್ತ."

"ನನಗೇನಾಗೈತಿ ಅಂತಾಳ. ಬರೂದ ಇಲ್ಲ." ಕಾಕಾ ಗಿಟಾರಿನ ಅಂಚನ್ನು ಹೆಬ್ಬೆರಳಿನಿಂದ ಉಜ್ಜುತ್ತಾ ಕೂತರು. "ಇಂಥಾ ಗಿಟಾರ ನಾ ನೋಡೇ ಇಲ್ಲ. ಆದ್ರ ಅಕಿ ಮುಂದ ಹೆಂಗ ಬಾರಸಲಿ? ಅಕಿಗೆ ಕೇಳಸಲಿಲ್ಲ ಅಂದ್ರ? ಗಿಟಾರ ಹೋದ್ರ ಹೋಗಲಿ. ಅಕಿ ಮಾರಿ ಸಣ್ಣದಾಗತೈತಿ. ಅದನ್ನ ನಾ ನೋಡಲಾರೆ."

ಅಷ್ಟರಲ್ಲಿ ಕಾಕು ಮೊರದಲ್ಲಿ ಅಕ್ಕಿ ಹಿಡಿದುಕೊಂಡು ತಾನೇ ಹೊರಗೆ ಬಂದಳು. ಕಾಕಾನ ಎದುರಿಗೇ, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತಳು.

"ಹದಿನೈದ ದಿನ ಆತು. ಈ ಹೊಸಾದ್ದು ಯಾವಾಗ ಕೇಳಸಾವ್ರು? ಮುಹೂರ್ತ ನೋಡಾಕತ್ತೀರೇನು?"

ಕಾಕಾ ನನ್ನ ಮುಖ ನೋಡಿದರು. ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ದಪ್ಪ ತಂತಿಯನ್ನು ಮೀಟಿದರು. ಆ ಧ್ವನಿ ಹೇಗಿತ್ತು ಎಂದು ಬರೆಯಲು ನನಗೆ ಬರುವುದಿಲ್ಲ. ಸಂಗೀತದ ಗಂಧವಿಲ್ಲದ ನನಗೂ ಅದು ಮುಗಿಯಬಾರದು ಎನ್ನಿಸಿತು. ಕಾಕಾ ಗಡಿಯಾರ ನೋಡುವುದನ್ನೇ ಮರೆತರು. ಧ್ವನಿ ಪೂರ್ತಿ ಆರಿದ ಮೇಲೆ ಕಾಕು ಅಕ್ಕಿಯಿಂದ ಒಂದು ಹರಳು ಆರಿಸಿ ಪಕ್ಕಕ್ಕಿಟ್ಟು ಹೇಳಿದಳು:

"ಇಡ್ರಿ. ಒಂಬತ್ತೂ ಒಂದ ಕಡಿ ಆದ್ರ ಇದೊಂದ ಒಂದ ಕಡಿ."

ಕಾಕಾ ಎದ್ದು ಕುಣಿಯುವುದೊಂದು ಬಾಕಿ! "ಕೇಳಿದಿ ಇಲ್ಲೋ? ಹಿಂಗಿರಬೇಕು ಕಿವಿ! ನಾನ ಹುಚ್ಚ, ನಾನ ಹುಚ್ಚ!" ಎಂದು ಕೂಗುತ್ತಾ ವಕೀಲರಿಗೆ ಫೋನು ಮಾಡಲು ಅಂಗಳಕ್ಕೆ ಓಡಿದರು. ಆ ಕಡೆಯ ವಕೀಲರಿಗೆ ಫೋನಿಲ್ಲದೆಯೂ ಕೇಳಿಸಿರಬೇಕು.

ನಾನು ಕಾಕುವಿನ ಹಿಂದೆಯೇ ಅಡುಗೆಮನೆಗೆ ಹೋದೆ. ಅವಳ ಬೆನ್ನಿಗೆ ನಿಂತು ಎಂದಿನ ಧ್ವನಿಯಲ್ಲಿ, "ಕಾಕು, ಚಹಾ ಇಡ್ಲೇನು?" ಎಂದೆ. ಅವಳು ತಿರುಗಲಿಲ್ಲ. ಇನ್ನೊಮ್ಮೆ ಕೇಳಿದೆ. ತಿರುಗಲಿಲ್ಲ. ಹೆಗಲು ಮುಟ್ಟಿದಾಗ ತಿರುಗಿ ನನ್ನ ಮುಖ ನೋಡಿದಳು. ಎಲ್ಲ ತಿಳಿದುಬಿಟ್ಟಿತು ಅವಳಿಗೆ.

"ಮೂರ ವರ್ಷ ಆತು," ಎಂದಳು. "ನಿಮ್ಮ ಕಾಕಾ ಮಾತಾಡಿದ್ದು ಮೂರನೇ ಓಣಿಗೂ ಕೇಳತೈತಿ, ಹಂಗಾಗಿ ನನಗೂ ಕೇಳತೈತಿ. ತಂತಿ ದನಿ ಕೇಳಸೂದಿಲ್ಲ."

ನಾನು ಅವಳ ಕಿವಿಯ ಹತ್ತಿರ ಬಾಯಿ ಇಟ್ಟು ಕೇಳಿದೆ. "ಮತ್ತ ಇಡ್ರಿ, ಒಯ್ರಿ ಅಂತ ಹೆಂಗ ಹೇಳ್ತಿದ್ದಿ?"

"ಅವರ ಮಾರಿ ನೋಡಿ. ಗಿಟಾರ ಸುಮಾರ ಇತ್ತಂದ್ರ ತಂತಿ ಹೊಡದು ನನ್ನ ಕಡಿ ನೋಡ್ತಾರ, ಏನಂತಾಳೋ ಅಂತ. ಚಲೋ ಇತ್ತಂದ್ರ ನಾ ಎದುರಿಗೆ ಇದ್ದದ್ದ ಮರತ ಬಿಡ್ತಾರ." ಕಾಕು ನಕ್ಕಳು. "ಇವತ್ತ ಅವರ ಕಣ್ಣಾಗ ನೀರ ಬಂದಿತ್ತು. ಅವರಿಗೇ ಗೊತ್ತಿಲ್ಲ."

ಹಿಂದೆ ಮುಂದೆ ನೋಡದೆ, ಬರುವ ವಾರವೇ ವಿಜಯಪುರದ ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇನೆ ಎಂದೆ. ಆಶ್ಚರ್ಯ, ಕಾಕು ಬೇಡವೆನ್ನಲಿಲ್ಲ. ಕಾಕಾನಿಗೆ ಮಾತ್ರ ಹೇಳಕೂಡದಂತೆ, ಇಂಡಿಯಲ್ಲಿ ನನ್ನ ಮನೆಗೆ ಬರುವುದಾಗಿ ಹೇಳಿ ಹೊರಡುತ್ತಾಳಂತೆ. "ಕಿವಿಗೆ ಮಿಷಿನ್ ಕೊಟ್ರ, ಮೊದಲ ಇದನ್ನ ಕೇಳ್ತೇನಿ ನೋಡು" ಎಂದು ಹೊರಗಿನ ಗಿಟಾರಿನ ಕಡೆ ಕೈ ತೋರಿಸಿದಳು.

ನನಗೆ ಸುಮ್ಮನಿರಲಾಗದೆ ಕೀಟಲೆ ಮಾಡಿದೆ. "ಕೇಳಿದ ಮ್ಯಾಲ ದನಿ ಚಲೋ ಇಲ್ಲ ಅಂತ ಗೊತ್ತಾದ್ರ ಏನ ಮಾಡ್ತಿ?"

ಕಾಕು ಅಂಗಳದ ಕಡೆ ನೋಡಿದಳು. ಅಲ್ಲಿ ಕಾಕಾ ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಗಿಟಾರಿನ ಕುತ್ತಿಗೆ ಹಿಡಿದು, ಓಣಿಗೆಲ್ಲ ಕೇಳುವಂತೆ ನಗುತ್ತಿದ್ದರು.

"ಮಿಷಿನ್ ತಗದ ಇಟ್ಟು, ಮತ್ತ ಅವರ ಮಾರೀನ ನೋಡ್ತೇನಿ" ಎಂದಳು.